ಗ್ಯಾನೆಟ್ ಕೋಟೆಗೆ ಕಾಣುವ ಹಾಯಿ

ಗ್ಯಾನೆಟ್ ಕೋಟೆ
6 ಮಾರ್ಚ್ 1967

ಅಪ್ಪಾ,

ನಾನು ಬದುಕಿದ್ದೇನೆ, ನೀರಿಗೆ ಬಿದ್ದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀನು ಬೈಯಬಹುದು.

ಸಾಮಾನಿನ ದೋಣಿ ತರುವ ವಿಕ್ ಹಾಲ್ನೆಸ್ ನಿನ್ನ ಸುದ್ದಿ ಹೇಳಿದ. "ನಿಮ್ಮಪ್ಪ ದೋಣಿಕಟ್ಟೆ ಹತ್ರ ಬಂದಿದ್ರು ಕಣೋ. ನಿನ್ ವಿಷ್ಯ ಒಂದ್ ಮಾತೂ ಕೇಳ್ಲಿಲ್ಲ. ನನ್ ಇಂಜಿನ್ ಸದ್ದು ಸರಿ ಇಲ್ಲ ಅಂತ ಅರ್ಧ ಗಂಟೆ ಬೈದು ಹೋದ್ರು" ಎಂದ. ನೀನು ಅಲ್ಲಿಗೆ ಬಂದದ್ದೇ ನನಗೆ ಸಾಕಾಯಿತು. ನಾನು ಹೊರಟ ದಿನ ಬಾಗಿಲಲ್ಲಿ ನಿಂತು ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ವಿಮಾ ಕಂಪನಿ ಕುರ್ಚಿ ಬಿಟ್ಟು ಕಡಲಲ್ಲಿ ಕೂತ್ಕೊಂಡು ಹಾಡು ಕದಿಯೋಕೆ ಹೋಗ್ತಾನಂತೆ!" ಕದಿಯುವುದಲ್ಲ ಅಪ್ಪಾ. ಸರ್ಕಾರದ ರೇಡಿಯೋ ಹಾಕದ ಹಾಡುಗಳನ್ನು ದೇಶದ ಗಡಿಯ ಹೊರಗೆ ಕೂತು ಹಾಕುತ್ತೇವೆ, ಅಷ್ಟೇ.

ಯುದ್ಧದ ಕಾಲದಲ್ಲಿ ನೀನು ನಿನ್ನ ಬಾರ್ಜಿನಲ್ಲಿ, ಆ ಸರಕಿನ ಹಾಯಿದೋಣಿಯಲ್ಲಿ, ಕಲ್ಲಿದ್ದಲು, ನೀರು ತಂದು ಇಳಿಸುತ್ತಿದ್ದ ಕೋಟೆಯೇ ಇದು. ಉಕ್ಕಿನ ಗೋಪುರಗಳು ಈಗಲೂ ಕಡಲ ನಡುವೆ ಕಾಲೂರಿಕೊಂಡು ನಿಂತಿವೆ. ಫಿರಂಗಿ ಇದ್ದ ಕಡೆ ನಮ್ಮ ಏರಿಯಲ್ ಇದೆ. ಸೈನಿಕರು ಮಲಗುತ್ತಿದ್ದ ಕೋಣೆಯ ಗೋಡೆಗೆಲ್ಲ ಕಂಬಳಿ ಬಡಿದು ಸ್ಟುಡಿಯೋ ಮಾಡಿದ್ದೇವೆ. ಬೆಳಗಿನ ಕಾರ್ಯಕ್ರಮ ನನ್ನದು. ಕೇಳುತ್ತೀಯಾ?

ಸಿರಿಲ್


ಸೀಸಾಲ್ಟರ್, ವಿಟ್‌ಸ್ಟೆಬಲ್
15 ಮಾರ್ಚ್ 1967

ಸಿರಿಲ್,

ವಿಕ್‌ನ ಇಂಜಿನ್ನಿನ ಸದ್ದು ನಿಜವಾಗಿಯೂ ಸರಿಯಿಲ್ಲ. ಅವನಿಗೆ ಮತ್ತೆ ಹೇಳು.

ನಿನ್ನ ಬೆಳಗಿನ ಕಾರ್ಯಕ್ರಮ ಕೇಳೋಣವೆಂದು ರೇಡಿಯೋ ತಿರುಗಿಸಿದೆ. ಯಾರೋ ಅಮೆರಿಕದವನು ಮೂಗಿನಲ್ಲಿ ಮಾತಾಡುತ್ತಿದ್ದ. ಅವನ ಸರದಿ ಮುಗಿಯಲೆಂದು ಕಾದೆ. ಮಧ್ಯಾಹ್ನವಾಯಿತು, ನೀನು ಬರಲಿಲ್ಲ. ಪಕ್ಕದ ಮನೆಯ ಮಿಸೆಸ್ ಯೂಡನ್ ಬ್ರೆಡ್ ಪುಡಿಂಗ್ ಕೊಡಲು ಬಂದವರು ಕೇಳಿ ನಕ್ಕೇ ನಕ್ಕರು. "ಅಯ್ಯೋ ಮಿಸ್ಟರ್ ರಿಗ್ಡನ್, ಆ ಚಿಪ್ ಡಾಲ್ಟನ್ ಅನ್ನೋನೇ ನಿಮ್ ಸಿರಿಲ್ಲು! ಊರಿಗೆಲ್ಲ ಗೊತ್ತು, ನಿಮಗೊಬ್ರಿಗೇ ಗೊತ್ತಿಲ್ಲ!"

ಅಪ್ಪ ಅಮ್ಮ ಇಟ್ಟ ಹೆಸರಿಗೆ ಏನಾಗಿತ್ತು? ಮಾತಿಗೆ ಏನಾಗಿತ್ತು? ಜೀವಮಾನದಲ್ಲಿ ನೀನು ಪಕ್ಕದ ಮಾರ್ಗೇಟ್ ಊರು ದಾಟಿ ಹೋದವನಲ್ಲ.

ಇನ್ನೊಂದು ವಿಷಯ. ನನ್ನ ಹಿತ್ತಾಳೆ ದುರ್ಬೀನು ಕಾಣೆಯಾಗಿದೆ. ತೆಗೆದುಕೊಂಡು ಹೋದವನಿಗೆ ಒಂದು ಮಾತು: ಅದನ್ನು ಬರಿಗೈಯಲ್ಲಿ ಹಿಡಿದರೆ ಏನೂ ಕಾಣುವುದಿಲ್ಲ, ಕಂಬಿಗೆ ಒರಗಿಸಿ ಹಿಡಿಯಬೇಕು. ನಮ್ಮ ಎಸ್ತರ್ ಮೇ ಬಾರ್ಜನ್ನು ಒಡೆದು ಮಾರಿದಾಗ ಅದರ ಹಿಂಭಾಗದ ಕಂಬವನ್ನೂ ಚಿಕ್ಕ ಹಾಯಿಯನ್ನೂ ನಾನು ಇಟ್ಟುಕೊಂಡದ್ದು ನಿನಗೆ ಗೊತ್ತು. ಆ ಕಂಬವನ್ನು ಹಿತ್ತಲಿನ ಕಲ್ಲುದಂಡೆಯಲ್ಲಿ ನೆಟ್ಟಿದ್ದೇನೆ. ಹಾಯಿಗೆ ಕೆಮ್ಮಣ್ಣು, ಮೀನೆಣ್ಣೆ ಹೊಸದಾಗಿ ಬಳಿದಿದ್ದೇನೆ. ದಿನಾ ಬೆಳಿಗ್ಗೆ ಎತ್ತುತ್ತೇನೆ, ಸಂಜೆ ಇಳಿಸುತ್ತೇನೆ. ಎತ್ತಿದ್ದರೆ ಇಲ್ಲಿ ಎಲ್ಲ ಸರಿಯಿದೆ ಎಂದು ತಿಳಿ. ಗಾಳಿ ಜೋರಿದ್ದ ದಿನ ಮಾತ್ರ ಎತ್ತುವುದಿಲ್ಲ. ಕಾಣಲಿಲ್ಲವೆಂದು ಆ ದಿನ ಗಾಬರಿಯಾಗಬೇಡ. ಬಿರುಗಾಳಿಯಲ್ಲಿ ಹಾಯಿ ಇಳಿಸದೆ ಮಲಗುವವನು ಬಾರ್ಜಿನವನೇ ಅಲ್ಲ. ನಿನ್ನ ತಾತ ಅಂಥವರಿಗೆ ಮನೆಯಲ್ಲಿ ಟೀ ಕೂಡ ಕೊಡುತ್ತಿರಲಿಲ್ಲ.

ಅಪ್ಪ


ಗ್ಯಾನೆಟ್ ಕೋಟೆ
4 ಏಪ್ರಿಲ್ 1967

ಅಪ್ಪಾ,

ಕಂಡಿತು! ಕಂಬಿಗೆ ಒರಗಿಸಿ ಹಿಡಿದೆ, ದಡದ ಬೂದು ಗೆರೆಯ ಮೇಲೆ ಕೆಂಪಗೆ ನಿನ್ನ ಹಾಯಿ. ಅಡುಗೆಯ ಪೀಟನನ್ನು, ಇಂಜಿನಿಯರುಗಳನ್ನು ಎಲ್ಲರನ್ನೂ ಕರೆದು ತೋರಿಸಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅವರು ಗಾಳಿಗೆ ಎಂದುಕೊಂಡರು.

ಈಗ ನನ್ನ ಉತ್ತರ. ದಿನಾ ಎಂಟು ಗಂಟೆಯ ಹವಾಮಾನ ಓದಿದ ಮೇಲೆ, ಅಮ್ಮ ಅಡುಗೆಮನೆಯಲ್ಲಿ ಹಾಕಿಕೊಂಡು ಕುಣಿಯುತ್ತಿದ್ದ ಆ ಅಕಾರ್ಡಿಯನ್ ವಾಲ್ಟ್ಜ್ ಹಾಕುತ್ತಿದ್ದೇನೆ. ಅದು ಕೇಳಿದರೆ ಇಲ್ಲಿಯೂ ಎಲ್ಲ ಸರಿ ಎಂದು ತಿಳಿ. ಅದರ ಗ್ರಾಮಫೋನ್ ತಟ್ಟೆಯನ್ನು ಮನೆಯಿಂದಲೇ ತಂದಿದ್ದೇನೆ. ದುರ್ಬೀನಿನ ಜೊತೆ ಅದೂ ಕಾಣೆಯಾದದ್ದು ನೀನು ಗಮನಿಸಲಿಲ್ಲ.

ಆದರೆ ಅದರಿಂದ ಒಂದು ರಾದ್ಧಾಂತವಾಯಿತು. ದಡಕ್ಕೆ ಮಾತಾಡುವ ಫೋನನ್ನು ಸರ್ಕಾರ ನಮಗೆ ಕೊಡುವುದಿಲ್ಲ. ಅದಕ್ಕೇ ಕಂಪನಿಯವರು ಹಾಡಿನ ಗುಟ್ಟು ಮಾಡಿಕೊಂಡಿದ್ದಾರೆ. ಒಂದು ತುತ್ತೂರಿಯ ಹಾಡು ಮಧ್ಯಾಹ್ನ ಹಾಕಿದರೆ ಕುಡಿಯುವ ನೀರು ಕಳಿಸಿ ಎಂದು ಅರ್ಥ, ಇನ್ನೊಂದಕ್ಕೆ ಡೀಸೆಲ್, ಮತ್ತೊಂದಕ್ಕೆ ವೈದ್ಯರು. ಲಂಡನ್ ಆಫೀಸಿನಲ್ಲಿ ಕೂತ ಹುಡುಗಿ ನಮ್ಮ ವಾಲ್ಟ್ಜ್ ದಿನಾ ಬರುವುದನ್ನು ಕೇಳಿ ತಲೆ ಕೆಡಿಸಿಕೊಂಡಳು. ಪಟ್ಟಿಯಲ್ಲಿಲ್ಲದ ಹಾಡು, ಮತ್ತೆ ಮತ್ತೆ ಹಾಕುತ್ತಿದ್ದಾರೆ, ಬಾಯಿಬಿಟ್ಟು ಹೇಳಲಾಗದಂಥದ್ದು ಏನೋ ಆಗಿದೆ! ಅವರೆಲ್ಲ ಸೇರಿ ಯೋಚಿಸಿ, ಕಕ್ಕಸು ಕಟ್ಟಿರಬೇಕು ಎಂದು ತೀರ್ಮಾನಿಸಿ, ಪ್ಲಂಬರ್ ಒಬ್ಬನನ್ನು ಕಳಿಸಿಬಿಟ್ಟರು. ಪಾಪ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ. ಹಗ್ಗದಲ್ಲಿ ಮೇಲೆತ್ತಿದೆವು. ನೋಡಿದರೆ ಕಕ್ಕಸು ಚೆನ್ನಾಗಿಯೇ ಇದೆ.

ನಮ್ಮ ಮೇಲಧಿಕಾರಿ ಡ್ರಿಸ್ಕಾಲ್, ಆಸ್ಟ್ರೇಲಿಯಾದವನು, ಸಿಟ್ಟಿನಿಂದ ಕುಣಿದಾಡಿಬಿಟ್ಟ. "ಇನ್ನೊಂದ್ ಸಲ ಆ ಮುದುಕರ ಹಾಡು ಹಾಕಿದ್ರೆ ನಿನ್ನನ್ನೇ ಕಡಲಿಗೆ ಎಸೀತೀನಿ ನೋಡು" ಎಂದ. ಅಷ್ಟರಲ್ಲಿ ಆ ಹಾಡಿಗಾಗಿಯೇ ಕೆಂಟ್, ಎಸೆಕ್ಸ್‌ನ ಅಜ್ಜಿಯರಿಂದ ಒಂದು ಚೀಲ ಕಾಗದ ಬಂತು. ಈಗ ಅವನೇ "ಎಲ್ಲಯ್ಯ ವಾಲ್ಟ್ಜು?" ಎಂದು ಕೇಳುತ್ತಾನೆ.

ಹೆಸರಿನ ವಿಷಯಕ್ಕೆ ಬೇಸರಪಡಬೇಡ. ಇಲ್ಲಿ ಎಲ್ಲರದ್ದೂ ಹಾಗೆಯೇ. ನಮ್ಮೂರಿನ ಮಾತಿನಲ್ಲಿ ಹಾಡು ಪರಿಚಯಿಸಿದರೆ ಯಾರು ಕೇಳುತ್ತಾರೆ? ಹಿತ್ತಲ ಗಿಡ ಮದ್ದಲ್ಲ.

ಸಿರಿಲ್


ಸೀಸಾಲ್ಟರ್
29 ಏಪ್ರಿಲ್ 1967

ಸಿರಿಲ್,

ವಾಲ್ಟ್ಜ್ ದಿನಾ ಕೇಳುತ್ತಿದ್ದೇನೆ. ನಡುವೆ ಒಂದು ಕಡೆ ಮುಳ್ಳು ಹಾರುತ್ತದಲ್ಲ, ಅದು ನಿನ್ನಮ್ಮ ಇಸ್ತ್ರಿಪೆಟ್ಟಿಗೆ ಬೀಳಿಸಿ ಆದದ್ದು. ಆ ಜಾಗ ಬಂದಾಗ ನಾನೂ ಮಿಸೆಸ್ ಯೂಡನ್ನೂ ಸುಮ್ಮನಾಗುತ್ತೇವೆ.

ಮಿಸೆಸ್ ಯೂಡನ್ ಈಗ ಹಾಯಿ ಎತ್ತುವುದು ಕಲಿಯುತ್ತಿದ್ದಾರೆ. ತಾವಾಗಿಯೇ ಆಸೆಪಟ್ಟರು. ಗಂಟು ಹಾಕುವುದು ಬಂತು, ಹಗ್ಗ ಸುರುಳಿ ಸುತ್ತುವುದು ಇನ್ನೂ ಬಂದಿಲ್ಲ, ನೂಲಿನ ಉಂಡೆ ಎಂದುಕೊಂಡಿದ್ದಾರೆ. ನಾನು ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತೇನೆ. ಸ್ವಲ್ಪ ಕೆಮ್ಮಿದೆ, ಈ ಸಲದ ಪೂರ್ವದ ಗಾಳಿಯೇ ಹಾಗೆ.

ಪಾರ್ಲಿಮೆಂಟಿನಲ್ಲಿ ನಿಮ್ಮ ಮೇಲೆ ಕಾನೂನು ತರುತ್ತಾರೆಂದು ಪೇಪರಿನಲ್ಲಿತ್ತು. ಆಗಸ್ಟಿನ ನಡುವಿಗೆ ಜಾರಿಯಂತೆ. ಆಮೇಲೆ ಈ ದೇಶದವರು ಅಲ್ಲಿ ಕೆಲಸ ಮಾಡಿದರೂ ಅಪರಾಧ, ನಿಮಗೆ ರೊಟ್ಟಿ ಮುಟ್ಟಿಸಿದರೂ ಅಪರಾಧ, ಕಾಗದ ಒಯ್ದರೂ ಅಪರಾಧ. ವಿಕ್ ಈಗಲೇ ದೋಣಿಗೆ ಬೇರೆ ಕೆಲಸ ಹುಡುಕುತ್ತಿದ್ದಾನೆ. ನೀನು ಏನು ಮಾಡುತ್ತೀ ಎಂದು ನಾನು ಕೇಳುವುದಿಲ್ಲ. ಸುಮ್ಮನೆ ತಿಳಿದಿರಲಿ ಎಂದು ಬರೆದೆ.

ನಿನ್ನ ಕೋಣೆಯಲ್ಲಿ ಈರುಳ್ಳಿ ಹರವಿದ್ದೇನೆ. ಬೇಕಾದರೆ ಎತ್ತಬಹುದು, ಅದೇನು ಕಷ್ಟದ ಕೆಲಸವಲ್ಲ.

ಅಪ್ಪ


ಗ್ಯಾನೆಟ್ ಕೋಟೆ
27 ಮೇ 1967

ಅಪ್ಪಾ,

ಓಹೋ! ಮಿಸೆಸ್ ಯೂಡನ್ ತಾವಾಗಿಯೇ ಆಸೆಪಟ್ಟು ಹಾಯಿ ಎತ್ತುವುದು ಕಲಿಯುತ್ತಿದ್ದಾರೆ. ವಾಲ್ಟ್ಜ್ ಬರುವಾಗ ಇಬ್ಬರೂ ಸೇರಿ ಸುಮ್ಮನಾಗುತ್ತೀರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ನನಗೇನೂ ಬೇಸರವಿಲ್ಲ. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಮಿಸೆಸ್ ಯೂಡನ್ ಒಳ್ಳೆಯವರು, ಅವರ ಬ್ರೆಡ್ ಪುಡಿಂಗ್ ಇನ್ನೂ ಒಳ್ಳೆಯದು. ನನ್ನ ಕೋಣೆಯಲ್ಲಿ ಈರುಳ್ಳಿ ಹರವಿದ್ದಕ್ಕೂ ಬೇಸರವಿಲ್ಲ. ಮನೆ ನಿನ್ನದು. ಖಾಲಿ ಕೋಣೆ ಇಟ್ಟುಕೊಂಡು ಕಾಯುತ್ತಾ ಕೂರು ಎಂದು ನಾನು ಹೇಳಲಾರೆ.

ಕಾನೂನಿನ ಮಾತು ಇಲ್ಲೂ ದಿನಾ ನಡೆಯುತ್ತದೆ. ಅರ್ಧ ಜನ ಹೋಗುತ್ತಾರೆ. ಕಂಪನಿ ಆಫೀಸನ್ನು ಹಾಲೆಂಡಿಗೆ ಸಾಗಿಸಿ ನಡೆಸುತ್ತದಂತೆ, ಸಾಮಾನು ಅಲ್ಲಿಂದ ಬರುತ್ತದಂತೆ. ಉಳಿಯುವವರು ಮತ್ತೆ ಇಂಗ್ಲೆಂಡಿನ ನೆಲ ಮುಟ್ಟಿದರೆ ಹಿಡಿಯುತ್ತಾರೆ. ಡ್ರಿಸ್ಕಾಲ್ ನನ್ನನ್ನು ಕರೆದು ಮಾತಾಡಿದ, ಬೆಳಿಗ್ಗೆ ಸಂಜೆ ಎರಡೂ ಕಾರ್ಯಕ್ರಮ ನನಗೇ ಕೊಡುತ್ತಾನಂತೆ. ನೋಡೋಣ. ಇನ್ನೂ ಸಮಯವಿದೆ, ನೋಡೋಣ. ಜೂನ್ ಕಳೆಯಲಿ, ಆಮೇಲೆ ನೋಡೋಣ.

ಕೆಮ್ಮಿಗೆ ಜೇನು ಹಾಕಿಕೊಂಡು ಕುಡಿ.

ಸಿರಿಲ್


ಸೀಸಾಲ್ಟರ್
17 ಜೂನ್ 1967

ಸಿರಿಲ್,

ಹಗ್ಗ ಉಜ್ಜಿ ನನ್ನ ಕೈ ಸ್ವಲ್ಪ ಸುಲಿದಿದೆ. ಅದಕ್ಕೇ ನಾನು ಹೇಳುತ್ತಿದ್ದೇನೆ, ಮಿಸೆಸ್ ಯೂಡನ್ ಬರೆಯುತ್ತಿದ್ದಾರೆ. ಅಕ್ಷರ ಚೆನ್ನಾಗಿದ್ದರೆ ಅವರದು, ಮಾತು ಚೆನ್ನಾಗಿದ್ದರೆ ನನ್ನದು.

ನೀನು ಬರೆದ ಆ ಬೆಕ್ಕಿನ ಮಾತನ್ನು ಅವರಿಗೆ ಓದಿ ಹೇಳಿದೆ. (ನಾನು ನಾಚಿಕೊಂಡೆ ಎಂದು ಬರೆಯಲು ಹೇಳುತ್ತಿದ್ದಾರೆ. ನಾಚಿಕೊಳ್ಳಲಿಲ್ಲ. - ಮೇವಿಸ್ ಯೂಡನ್)

ನಿನ್ನ ಕಾಗದದಲ್ಲಿ ಒಂದೇ ಕಡೆ ಮೂರು 'ನೋಡೋಣ' ಇವೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ತೀರ್ಮಾನ ಮಾಡದವನು ಒಂದು ಸಲ ನೋಡೋಣ ಅನ್ನುತ್ತಾನೆ. ಮೂರು ಸಲ ಅಂದವನು ಆಗಲೇ ಮಾತು ಕೊಟ್ಟು ಬಂದಿರುತ್ತಾನೆ. ನೀನು ಉಳಿಯುತ್ತೀ. ಸರಿ, ಉಳಿ.

ನಾನು ಬಾಗಿಲಲ್ಲಿ ನಿಂತು ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಬಾರ್ಜು ಹತ್ತಿದಾಗ ನನ್ನಪ್ಪನೂ ಹಾಗೆಯೇ ಅಂದಿದ್ದ. ನಾನು ಹಿಂತಿರುಗಿ ನೋಡಲಿಲ್ಲ. ನೀನೂ ನೋಡಬೇಡ. ವಿಮಾ ಕಂಪನಿಯ ಆ ಕುರ್ಚಿಯಲ್ಲಿ ಕೂತಿದ್ದಾಗ ನಿನ್ನ ಮುಖ ಹೇಗಿತ್ತು ಎಂದು ನನಗೆ ಗೊತ್ತಿಲ್ಲವೇ? ಈಗ ರೇಡಿಯೋದಲ್ಲಿ ನೀನು ನಗುವುದು ಕೇಳುತ್ತದೆ. ಅಮೆರಿಕದ ನಗುವಾದರೂ ನಗುವೇ.

(ಅವರು ನಿದ್ದೆ ಹೋದರು. ಕೈ ನೋವಿಗೆ ಮಾತ್ರೆ ಕೊಟ್ಟಿದ್ದಾರೆ. ನೀನು ಆಗಾಗ ಬರೆಯುತ್ತಿರು ಸಿರಿಲ್. - ಮೇ. ಯೂ.)


ಗ್ಯಾನೆಟ್ ಕೋಟೆ
2 ಜುಲೈ 1967

ಅಪ್ಪಾ,

ನೀನು ಇಷ್ಟು ಸುಲಭವಾಗಿ ಒಪ್ಪುತ್ತೀ ಎಂದು ನಾನು ಎಣಿಸಿರಲಿಲ್ಲ. ಹೌದು, ಮೇ ತಿಂಗಳಲ್ಲೇ ಮಾತು ಕೊಟ್ಟೆ. ನಿನಗೆ ಹೇಳಲು ಧೈರ್ಯ ಸಾಲದೆ ಎಳೆದಾಡುತ್ತಿದ್ದೆ. ಈಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ.

ಆಗಸ್ಟ್ ಹದಿನಾಲ್ಕರ ನಡುರಾತ್ರಿಯ ತನಕ ವಿಕ್ ಬರುತ್ತಾನೆ. ಆಮೇಲೆ ಕಾಗದ ಹಾಲೆಂಡಿನ ದಾರಿಯಲ್ಲಿ ಬರಬೇಕು. ತಿಂಗಳಾದರೂ ಹಿಡಿಯುತ್ತದೆ. ಆದರೆ ನಿನ್ನ ಹಾಯಿಗೆ ಯಾವ ಕಾನೂನೂ ಇಲ್ಲ, ನನ್ನ ವಾಲ್ಟ್ಜ್‌ಗೂ ಇಲ್ಲ. ಅದೇ ನನಗೆ ಧೈರ್ಯ. ದಿನಾ ಎದ್ದ ಕೂಡಲೇ ದುರ್ಬೀನು ಹಿಡಿಯುತ್ತೇನೆ. ಒಂದು ತಿಂಗಳಿಂದ ಹಾಯಿ ಸ್ವಲ್ಪ ಸೊಟ್ಟಗೆ ಏರುತ್ತಿದೆ, ನಿನ್ನ ಶಿಷ್ಯೆಗೆ ಹೇಳು. ಪೀಟ ಅದನ್ನು ನೋಡಿಯೇ ಟೀಗೆ ನೀರಿಡುತ್ತಾನೆ.

ಒಂದು ಮಾತು ಮಾತ್ರ ಬರೆದುಬಿಡುತ್ತೇನೆ. ಉಳಿ ಎಂದು ನೀನು ಬರೆದದ್ದು ಓದಿ ಖುಷಿಯಾಯಿತು, ಹಾಗೆಯೇ ಒಂದು ಚೂರು ನೋವೂ ಆಯಿತು. ಬಾ ಎಂದು ಒಂದು ಸಲವಾದರೂ ಅನ್ನುತ್ತೀ ಎಂದುಕೊಂಡಿದ್ದೆ. ಅಂದಿದ್ದರೂ ನಾನು ಬರುತ್ತಿರಲಿಲ್ಲವೇನೋ. ಆದರೂ.

ಸಿರಿಲ್


ಗ್ಯಾನೆಟ್ ಕೋಟೆ
21 ಜುಲೈ 1967

ಅಪ್ಪಾ,

ಮೊನ್ನೆ ಮಧ್ಯಾಹ್ನದಿಂದ ನೈಋತ್ಯದ ಬಿರುಗಾಳಿ. ಕೋಟೆಯ ಕಾಲುಗಳು ನಡುಗಿದವು, ಗೋಪುರದಿಂದ ಗೋಪುರಕ್ಕೆ ಹೋಗುವ ಹಾದಿಯಲ್ಲಿ ನಾವು ಕೈಕಾಲೂರಿ ತೆವಳಿದೆವು. ಅದೆಲ್ಲ ಇರಲಿ. ಮೋಡ ಕೊಂಚ ಸರಿದಾಗ ದುರ್ಬೀನು ಹಿಡಿದೆ. ಇವತ್ತು ಹಾಯಿ ಇರುವುದಿಲ್ಲ, ಆದರೂ ಕಂಬವಾದರೂ ಕಾಣಲಿ ಎಂದು.

ಹಾಯಿ ಇತ್ತು. ಪೂರ್ತಿ ಎತ್ತಿದ ಹಾಯಿ, ಆ ಗಾಳಿಯಲ್ಲಿ. ಸಂಜೆಯೂ ಇತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಹರಿದು ಎರಡು ಚಿಂದಿಯಾಗಿ ಬಡಿದುಕೊಳ್ಳುತ್ತಿತ್ತು.

ನೀನು ಮನೆಯಲ್ಲಿಲ್ಲ. ಇದ್ದಿದ್ದರೆ, ಎರಡೂ ಕೈ ಸುಲಿದಿದ್ದರೂ, ಹಾಸಿಗೆ ಹಿಡಿದಿದ್ದರೂ, ತೆವಳಿಕೊಂಡು ಹೋಗಿ ಇಳಿಸುತ್ತಿದ್ದೆ. ಕಿಟಕಿಯಲ್ಲಿ ನಿಂತು ಕೂಗಿ ಇಡೀ ಬೀದಿಯನ್ನು ಎಬ್ಬಿಸುತ್ತಿದ್ದೆ. ಈಗ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಕೆಮ್ಮು. ಕುರ್ಚಿಯಲ್ಲಿ ಕೂತು ಹೇಳಿಕೊಡುವುದು. ಇನ್ನೊಬ್ಬರ ಕೈಬರಹ. ನಾನೊಬ್ಬ ಪೆದ್ದ, ಎಲ್ಲಕ್ಕೂ ನಗುತ್ತಾ ಕೂತಿದ್ದೆ.

ಮಿಸೆಸ್ ಯೂಡನ್, ಈ ಕಾಗದ ಒಡೆಯುವುದು ನೀವೇ ಎಂದು ಗೊತ್ತು. ಅಪ್ಪ ಎಲ್ಲಿದ್ದಾರೆ? ದಯವಿಟ್ಟು ನಿಜ ಹೇಳಿ. ವಿಕ್ ಮತ್ತೆ ಬರುವ ತನಕ ನನಗೆ ಊಟ ಸೇರುವುದಿಲ್ಲ.

ಸಿರಿಲ್


ಸೀಸಾಲ್ಟರ್
25 ಜುಲೈ 1967

ಪ್ರೀತಿಯ ಸಿರಿಲ್‌ಗೆ,

ನಿನ್ನ ಕಾಗದ ನಾನೇ ಒಡೆದೆ. ನಿಮ್ಮಪ್ಪ ಜೂನ್ ಮೊದಲಿನಿಂದ ಕ್ಯಾಂಟರ್ಬರಿಯ ಆಸ್ಪತ್ರೆಯಲ್ಲಿದ್ದಾರೆ. ಕೈಯಲ್ಲ, ಹೃದಯ. ಆ ಜೂನ್ ಕಾಗದ ನಾನು ಅವರ ಹಾಸಿಗೆಯ ಪಕ್ಕ ಕೂತು ಬರೆದದ್ದು. ಮೇಲೆ ಸೀಸಾಲ್ಟರ್ ಎಂದು ಹಾಕಿಸಿದರು. "ಅವನಿಗೆ ಒಂದಕ್ಷರ ಹೇಳಿದ್ರೆ ನಿಮ್ ಪುಡಿಂಗ್ ಮುಟ್ಟೋದಿಲ್ಲ ನೋಡಿ. ತಾನಾಗೇ ತೀರ್ಮಾನ ಮಾಡ್ಲಿ. ನನ್ ರೋಗ ನೋಡಿ ಮಾಡೋದ್ ಬೇಡ" ಅಂದರು. ನಾನು ಮಾತು ಕೊಟ್ಟೆ. ಕೊಡಬಾರದಿತ್ತು.

ಅಂದಿನಿಂದ ಹಾಯಿ ಎತ್ತುತ್ತಿದ್ದವಳು ನಾನೇ. ಬೆಳಿಗ್ಗೆ ಎತ್ತಿ, ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ, ಸಂಜೆ ಬಂದು ಇಳಿಸುತ್ತಿದ್ದೆ. ಬಿರುಗಾಳಿಯ ದಿನ ಬೆಳಿಗ್ಗೆ ಬಿಸಿಲಿತ್ತು. ಅವತ್ತು ಅವರಿಗೆ ಉಸಿರು ಕಟ್ಟಿತು. ಆಸ್ಪತ್ರೆಯವರು ನನ್ನನ್ನು ರಾತ್ರಿ ಅಲ್ಲೇ ಇರಲು ಹೇಳಿದರು. ಗಾಳಿ ಕಿಟಕಿಗೆ ಬಡಿಯುತ್ತಿತ್ತು, ಹಾಯಿಯ ನೆನಪೇ ನನಗಿರಲಿಲ್ಲ. ಅವರಿಗಿತ್ತು. ಉಸಿರು ಬಂದ ಕೂಡಲೇ ಕೇಳಿದ್ದು ಅದನ್ನೇ: "ಹಾಯಿ ಇಳಿಸಿದ್ರಾ?" ಹೂಂ ಎಂದು ಸುಳ್ಳು ಹೇಳಿದೆ. ಈಗ ದಿನಾ ಸ್ವಲ್ಪ ಸ್ವಲ್ಪ ಹೊಲಿಯುತ್ತಿದ್ದೇನೆ. ಬಟ್ಟೆ ಬಲು ದಪ್ಪ, ಸೂಜಿ ಮುರಿಯುತ್ತದೆ.

ವೈದ್ಯರು ಏನೂ ಖಚಿತವಾಗಿ ಹೇಳುವುದಿಲ್ಲ. ತಿಂಗಳುಗಳಿರಬಹುದು, ವರ್ಷವೂ ಇರಬಹುದು ಅನ್ನುತ್ತಾರೆ. ನಾನು ಬಾ ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಹಾಗೆ ಹೇಳಲು ನಾನು ಯಾರು? ಆದರೆ ನಿನ್ನ ಕಾಗದವನ್ನು ಅವರಿಗೆ ತೋರಿಸುತ್ತೇನೆ. ಇನ್ನು ಈ ಮುಚ್ಚುಮರೆ ನನ್ನಿಂದಾಗದು.

ಮೇವಿಸ್ ಯೂಡನ್


ಕ್ಯಾಂಟರ್ಬರಿ, ಆಸ್ಪತ್ರೆ
2 ಆಗಸ್ಟ್ 1967

ಸಿರಿಲ್,

ಇದು ನನ್ನದೇ ಕೈಬರಹ, ಕೋಳಿಕಾಲಿನಂತಿದ್ದರೂ.

ಮಿಸೆಸ್ ಯೂಡನ್ ಮೇಲೆ ಸಿಟ್ಟಾದೆ. ಹಾಯಿ ಹರಿದದ್ದಕ್ಕೆ ಒಂದು ದಿನ, ನಿನಗೆ ಹೇಳಿದ್ದಕ್ಕೆ ಅರ್ಧ ದಿನ. ಪುಡಿಂಗ್ ಬಿಟ್ಟವನು ಹಸಿವು ತಡೆಯಲಾರದೆ ರಾಜಿಯಾದೆ. ಹಾಯಿ ನೋಡಿಯೇ ನಾನು ಮನೆಯಲ್ಲಿಲ್ಲ ಎಂದು ಹೇಳಿಬಿಟ್ಟೆಯಲ್ಲ. ಆ ಸಾಲನ್ನು ಮೂರು ನಾಲ್ಕು ಸಲ ಓದಿಸಿಕೊಂಡೆ. ಮಾತು ಅಮೆರಿಕದ್ದಾದರೂ ಕಣ್ಣು ಬಾರ್ಜಿನವನದ್ದೇ.

ನೀನು ಬರಬೇಡ. ಬಂದರೆ ನಾನು ಸಾಯುತ್ತಿದ್ದೇನೆ ಎಂದು ವಾರ್ಡಿನವರಿಗೆಲ್ಲ ಗೊತ್ತಾಗಿ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಈಗ ಇಲ್ಲಿ ಚೆನ್ನಾಗಿದೆ. ಮಿಸೆಸ್ ಯೂಡನ್ ಚಿಕ್ಕ ರೇಡಿಯೋ ತಂದುಕೊಟ್ಟಿದ್ದಾರೆ. ಮೊದಲು ನರ್ಸಮ್ಮ ಕಿತ್ತುಕೊಂಡರು. ಒಂದು ದಿನ ಅವರೇ ವಾಲ್ಟ್ಜ್ ಕೇಳಿ ಹಿಂದಕ್ಕೆ ಕೊಟ್ಟರು. ಈಗ ಎಂಟು ಗಂಟೆಗೆ ವಾರ್ಡಿನವರೆಲ್ಲ ಸುಮ್ಮನಾಗುತ್ತಾರೆ.

ಒಂದೇ ಬೇಸರ. ಪಕ್ಕದ ಹಾಸಿಗೆಯಲ್ಲಿ ಟ್ರಿಗ್ಸ್ ಎಂಬ ಬಸ್ ಕಂಡಕ್ಟರ್ ಇದ್ದಾನೆ. ಇವನು ನನ್ನ ಮಗ ಕಣಯ್ಯ ಎಂದೆ. ಅವನು ನಕ್ಕು, "ನಿನ್ ಮಗ ಚಿಪ್ ಡಾಲ್ಟನ್ ಆದ್ರೆ ನಾನು ಇಂಗ್ಲೆಂಡಿನ ಮಹಾರಾಣಿ ಕಣೋ ರಿಗ್ಡನ್. ಅವನು ಅಮೆರಿಕದೋನು, ಮಾತು ಕೇಳಿದ್ರೆ ಗೊತ್ತಾಗಲ್ವಾ? ಮಾತ್ರೆ ತಲೆಗೇರಿದೆ ನಿಂಗೆ" ಎಂದ. ವಾರ್ಡೆಲ್ಲ ನಕ್ಕಿತು. ಈಗ ಟೀ ತರುವ ಹೆಂಗಸು ಕೂಡ "ನಿಮ್ಮ ಮಗ ಹೇಗಿದಾನೆ?" ಎಂದು ಕೇಳಿ ಬಾಯಿಗೆ ಕೈ ಇಟ್ಟುಕೊಳ್ಳುತ್ತಾಳೆ. ಇರಲಿ. ನನಗೆ ಗೊತ್ತಲ್ಲ, ಸಾಕು.

ಅಪ್ಪ


ಗ್ಯಾನೆಟ್ ಕೋಟೆ
10 ಆಗಸ್ಟ್ 1967

ಅಪ್ಪಾ,

ಡ್ರಿಸ್ಕಾಲ್‌ಗೆ ಹೇಳಿದೆ. ಅವನು ಕುಣಿಯಲಿಲ್ಲ, ಬೈಯಲಿಲ್ಲ. "ನಮ್ಮಪ್ಪ ಹೋದಾಗ ನಾನು ಹಡಗಲ್ಲಿದ್ದೆ ಕಣೋ. ಹೋಗು" ಎಂದಷ್ಟೇ ಹೇಳಿ ಹೊರಗೆ ಹೋದ.

ಸೋಮವಾರ, ಹದಿನಾಲ್ಕನೇ ತಾರೀಕು, ವಿಕ್‌ನ ಕೊನೆಯ ದೋಣಿಯಲ್ಲಿ ನಾನು ಬರುತ್ತಿದ್ದೇನೆ. ನಿನ್ನ 'ಬರಬೇಡ'ವನ್ನು ಓದಿದ್ದೇನೆ. ನೀನು ಉಳಿ ಎಂದಾಗ ಕೇಳಿದೆ, ಈಗ ಕೇಳುವುದಿಲ್ಲ. ನಾನು ಇಲ್ಲಿ ಉಳಿದರೆ ದಿನಾ ಬೆಳಿಗ್ಗೆ ದುರ್ಬೀನು ಹಿಡಿದು, ಹಾಯಿ ಎತ್ತಿದವರು ಯಾರು ಎಂದು ಯೋಚಿಸುತ್ತಾ ಕೂರಬೇಕು. ಅದು ನನ್ನಿಂದಾಗದು. ನೀನಿಲ್ಲದೆ ಹೋದ ಮೇಲೆ ಹಾಲೆಂಡಿನ ದಾರಿಯಲ್ಲಿ ತಿಂಗಳು ತಡವಾಗಿ ಆ ಸುದ್ದಿ ಬರುವುದನ್ನು ನೆನೆದರೆ ಹೆದರಿಕೆಯಾಗುತ್ತದೆ. ಹೌದು, ಹೆದರಿಕೆ. ಬರೆದುಬಿಟ್ಟೆ.

ಈ ಕೆಲಸ ಬಿಡಲು ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಇದೆ. ನನಗೆ ಇದಕ್ಕಿಂತ ಚೆನ್ನಾಗಿ ಬಂದ ಕೆಲಸ ಇನ್ನೊಂದಿಲ್ಲ. ಆದರೆ ದುಃಖವನ್ನು ಮನೆಯಲ್ಲಿ ಕೂತೂ ಪಡಬಹುದು.

ಸೋಮವಾರ ಬೆಳಿಗ್ಗೆ ನನ್ನ ಕೊನೆಯ ಕಾರ್ಯಕ್ರಮ. ಹವಾಮಾನ ಮುಗಿದ ಕೂಡಲೇ ರೇಡಿಯೋ ಸದ್ದು ಜೋರು ಮಾಡು. ಆ ಟ್ರಿಗ್ಸ್ ಮಹಾಶಯನನ್ನೂ ಎಬ್ಬಿಸು.

ಸಿರಿಲ್


ಕ್ಯಾಂಟರ್ಬರಿ, ಆಸ್ಪತ್ರೆ
14 ಆಗಸ್ಟ್ 1967, ಬೆಳಿಗ್ಗೆ

ಸಿರಿಲ್,

ಇದನ್ನು ಮಿಸೆಸ್ ಯೂಡನ್ ಬಸ್ಸಿನಲ್ಲಿ ಒಯ್ದು ವಿಕ್ ಕೈಗೆ ಕೊಡುತ್ತಾರೆ. ನೀನು ದೋಣಿಯಲ್ಲಿ ಓದುತ್ತೀ. ಈ ಕಾಗದಕ್ಕೂ ಕಾನೂನಿಗೂ ನಡುರಾತ್ರಿಯ ತನಕ ಸಂಬಂಧವಿಲ್ಲ.

ಸದ್ದು ಜೋರು ಮಾಡಿದ್ದೆವು. ನರ್ಸಮ್ಮ ಬಾಗಿಲು ಹಾಕಿ ಬಂದು ನಿಂತರು. ನೀನು ಹವಾಮಾನ ಓದಿದೆ, ಅಮೆರಿಕದವನಾಗಿಯೇ. ಆಮೇಲೆ ಸುಮ್ಮನಾದೆ. ಟ್ರಿಗ್ಸ್, "ಕೆಟ್ಟೋಯ್ತು ರೇಡಿಯೋ" ಎಂದ. ಅಷ್ಟರಲ್ಲಿ ನಮ್ಮ ಹಿತ್ತಲಿನಿಂದ ಕೂಗುವ ಹಾಗೆ ನಿನ್ನ ದನಿ ಬಂತು. ನಿನ್ನದೇ ದನಿ, ನಮ್ಮೂರಿನದು. "ಇಷ್ಟು ದಿನ ಚಿಪ್ ಡಾಲ್ಟನ್ ಅಂದ್ಕೊಂಡು ಕೇಳ್ತಿದ್ರಲ್ಲ, ಅವನು ನಾನೇ. ನನ್ ಹೆಸರು ಸಿರಿಲ್ ರಿಗ್ಡನ್. ವಿಟ್‌ಸ್ಟೆಬಲ್‌ನೋನು. ಎಸ್ತರ್ ಮೇ ಬಾರ್ಜಿನ ಎಬೆನ್ ರಿಗ್ಡನ್ ಇದಾರಲ್ಲ, ಅವರ ಮಗ. ಅಪ್ಪಾ, ಈ ಹಾಡು ಅವತ್ತಿಂದಾನೂ ನಿಂಗೇ ಹಾಕ್ತಿದ್ದದ್ದು."

ವಾಲ್ಟ್ಜ್ ಶುರುವಾಯಿತು. ಇಸ್ತ್ರಿಪೆಟ್ಟಿಗೆ ಬಿದ್ದ ಜಾಗ ಬಂತು. ನಾನು ಅತ್ತೆ. ಮುಚ್ಚಿಟ್ಟುಕೊಳ್ಳಲಿಲ್ಲ, ಈ ವಯಸ್ಸಿನಲ್ಲಿ ಯಾರಿಗೆ ಮುಚ್ಚಿಡಬೇಕು? ಟ್ರಿಗ್ಸ್ ಎದ್ದು ಬಂದು ತನ್ನ ತಿಂಡಿಯ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟು, "ಮಾತು ನಿನ್ ಹಾಗೇನೇ ಆಡ್ತಾನೆ ಕಣಯ್ಯ" ಎಂದ. ಟೀ ತರುವ ಹೆಂಗಸು ಕೇಳದೆಯೇ ಎರಡನೇ ಲೋಟ ಕೊಟ್ಟಳು.

ದೋಣಿಯಿಂದ ನೋಡಿ ಹಾಯಿ ಕಾಣಲಿಲ್ಲವೆಂದು ಗಾಬರಿಯಾಗಬೇಡ. ಅದು ನಮ್ಮ ಅಡುಗೆಮನೆಯ ಮೇಜಿನ ಮೇಲಿದೆ. ಮಿಸೆಸ್ ಯೂಡನ್ ಮೊನ್ನೆ ಅದರ ಒಂದು ಮೂಲೆಯನ್ನು ತಂದು ತೋರಿಸಿದರು. ಅವರ ಎದುರಿಗೆ ಚೆನ್ನಾಗಿದೆ ಎಂದೆ. ನಿನಗೆ ಹೇಳುತ್ತೇನೆ, ಅದು ದಿಂಬಿನ ಚೀಲದ ಹೊಲಿಗೆ, ಒಂದು ಗಾಳಿಗೂ ನಿಲ್ಲುವುದಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕು. ಒಬ್ಬ ಬಟ್ಟೆ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ಸೂಜಿ ಹಾಕಬೇಕು. ಹಾಸಿಗೆಯಲ್ಲಿ ಕೂತೇ ನಾನು ಹಿಡಿಯಬಲ್ಲೆ. ಹಾಯಿ ಹೊಲಿಯುವ ಸೂಜಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿದೆ, ಬರುವಾಗ ಮರೆಯದೆ ತೆಗೆದುಕೊಂಡು ಬಾ. ಈರುಳ್ಳಿಯನ್ನೂ ಎತ್ತಿಸಿದ್ದೇನೆ.

ಸೂಜಿ ಸಿಗದಿದ್ದರೂ ಬಾ.

ಅಪ್ಪ